ಮನೆಯವಳಿಗೆ ಹೊದಿಸದ ಶಾಲು

ನನ್ನ ಅಕ್ಷರ ಸೊಟ್ಟಗಿವೆ, ಮಾತು ಜೋಡಿಸಲೂ ಸರಿಯಾಗಿ ಬರುವುದಿಲ್ಲ. ಒಂಬತ್ತನೆಯ ತರಗತಿಗೇ ಶಾಲೆ ಬಿಟ್ಟವಳು. ತಪ್ಪಿದ್ದರೆ ಓದುವವರು ಹೊಟ್ಟೆಗೆ ಹಾಕಿಕೊಳ್ಳಬೇಕು. ಇದು ನಮ್ಮ ಊರ ಶಾಲೆಯ ಹೆಡ್ ಮೇಡಂ ಅಖ್ತರ ಬೇಗಂ ಅವರ ಕತೆ. ಅವರೇ ನಮ್ಮ ಕಟ್ಟೆಯ ಮೇಲೆ ಕೂತು ನನ್ನ ಅವ್ವನ ಮುಂದೆ ಹೇಳಿಕೊಂಡದ್ದು.

ಮೇಡಂ ಚಿತ್ತಾಪುರದಿಂದ ಬಸ್ಸಿನಲ್ಲಿ ಬಂದು ಹೋಗುವವರು. ಅವರು ಬಂದ ಹೊಸದರಲ್ಲಿ ಶಾಲೆಯ ಶಿಕ್ಷಕರು ಎಣ್ಣೆ ಸೀಗೆಕಾಯಿಯಂತಿದ್ದರು. ಒಬ್ಬರು ರಜೆ ಹಾಕಿದರೆ ಅವರ ತರಗತಿಯತ್ತ ಇನ್ನೊಬ್ಬರು ಕಣ್ಣೆತ್ತಿ ನೋಡುತ್ತಿರಲಿಲ್ಲ. ಮೇಡಂ ಯಾರಿಗೂ ಉಪದೇಶ ಮಾಡಲಿಲ್ಲ. ಮಧ್ಯಾಹ್ನ ಆಫೀಸಿನ ಪರಸಿ ಕಲ್ಲಿನ ನೆಲದ ಮೇಲೆ ಚಾಪೆ ಹಾಸಿ ತಮ್ಮ ಬುತ್ತಿ ಬಿಚ್ಚಿದರು, ಎಲ್ಲರನ್ನೂ ಕರೆದರು. ಮೊದಲು ಬಂದವರು ದಾನಮ್ಮ ಅಕ್ಕೋರು. ಆಮೇಲೆ ಗಣಿತದ ಸಂಗಮೇಶ್ವರ ಸರ್ ಬಂದರು. ಬರಬರುತ್ತ ಒಬ್ಬರ ರೊಟ್ಟಿ ಇನ್ನೊಬ್ಬರ ಪಲ್ಯಕ್ಕೆ ಜೊತೆಯಾಯಿತು, ಒಬ್ಬರ ತರಗತಿಯನ್ನು ಇನ್ನೊಬ್ಬರು ಕೇಳದೆಯೇ ನೋಡಿಕೊಂಡರು.

ದಾನಮ್ಮ ಅಕ್ಕೋರು ತೆಂಗಳಿಯವರು, ಅತಿಥಿ ಶಿಕ್ಷಕಿ. ಅಂದರೆ ಆ ವರ್ಷದ ಮಟ್ಟಿಗೆ ಬಂದವರು, ಮುಂದಿನ ವರ್ಷದ ಮಾತು ಯಾರಿಗೂ ಗೊತ್ತಿಲ್ಲ. ಸಣ್ಣ ಮಕ್ಕಳ ನಲಿಕಲಿ ಕೋಣೆ ಅವರದು. ನನ್ನ ತಂಗಿ ಅಕ್ಷರ ಕಲಿತದ್ದು ಅವರ ಮಗ್ಗುಲಲ್ಲಿ ಕೂತೇ. ದಾನಮ್ಮ ಹೋದರೆ ಆ ಕೋಣೆ ಹೋಯಿತು, ಆ ಕೋಣೆ ಹೋದರೆ ಶಾಲೆಯೇ ಹೋಯಿತು ಎಂಬುದು ಮೇಡಂಗೆ ಗೊತ್ತಿತ್ತು. ಅದಕ್ಕೇ ಅವರನ್ನು ಎಲ್ಲರಿಗಿಂತ ಹತ್ತಿರ ಇಟ್ಟುಕೊಂಡರು. ತಪ್ಪಿದ್ದೂ ಅಲ್ಲಿಯೇ.

ಶಿಕ್ಷಕರ ದಿನಾಚರಣೆಗೆ ಶಾಲೆಯ ಸಮಿತಿಯ ಅಧ್ಯಕ್ಷ ಲಾಲಪ್ಪ ಶಾಲುಗಳನ್ನು ತರಲು ಹೊರಟಿದ್ದರು. ದಾನಮ್ಮ ಅಕ್ಕೋರಿಗೂ ಒಂದು ತರಲೇ ಎಂದು ಕೇಳಿದರು. ಮೇಡಂ ನಕ್ಕುಬಿಟ್ಟರು.

"ಆಕಿ ನಮ್ಮ ಮನಿಯಾಕಿ. ಮದುವ್ಯಾಗ ಮನಿ ಮಂದಿಗಿ ಯಾರರೆ ಮೊದಲ ಆಯೇರಿ ಮಾಡ್ತಾರೇನ್ರಿ? ಉಳಿದ ಮಂದಿಗಿ ಮಾಡ್ರಿ."

ಪ್ರೀತಿಯಿಂದಲೇ ಹೇಳಿದ ಮಾತು. ನಮ್ಮ ಕಡೆ ಮದುವೆಯಲ್ಲಿ ಹೊರಗಿನವರಿಗೆ ಬಟ್ಟೆ ಕೊಟ್ಟು ಗೌರವಿಸುತ್ತಾರೆ, ಮನೆಯವರು ತಟ್ಟೆ ಹಿಡಿದು ಓಡಾಡುತ್ತಾರೆ. ಆ ದಿನ ದಾನಮ್ಮ ಅಕ್ಕೋರು ತಟ್ಟೆ ಹಿಡಿದು ನಿಂತರು. ಲಾಲಪ್ಪ ಒಬ್ಬೊಬ್ಬ ಶಿಕ್ಷಕರ ಹೆಸರು ಕರೆದು ಶಾಲು ಹೊದಿಸಿದರು, ಮಂದಿ ಚಪ್ಪಾಳೆ ಹೊಡೆದರು. ಕೊನೆಗೆ ತಟ್ಟೆ ಬರಿದಾಯಿತು. ಹೆಂಗಸರ ಸಾಲಿನಲ್ಲಿ ಒಬ್ಬಾಕೆ ಪಕ್ಕದವಳಿಗೆ, "ಈಕಿ ಅಕ್ಕೋರಂತ ತಿಳ್ಕೊಂಡಿದ್ದೆ. ಆಯಾ ಏನವಾ ಈಕಿ?" ಅಂದಳು. ಮೆಲ್ಲಗೆ ಅಂದದ್ದೇ, ಆದರೆ ಅಕ್ಕೋರಿಗೆ ಕೇಳಿಸಿತು. ಮೇಡಂಗೂ ಕೇಳಿಸಿತು. ಅವರು ಆಗ ಎದ್ದು ಒಂದು ಮಾತು ಹೇಳಬಹುದಿತ್ತು. ಅತಿಥಿಗಳಿಗೆ ಚಹಾ ಬಂತೋ ಇಲ್ಲವೋ ಎಂದು ನೋಡಲು ಹೋದರು.

ಮುಂದಿನ ವಾರ ದಾನಮ್ಮ ಅಕ್ಕೋರು ಆಫೀಸಿನ ಬಾಗಿಲಲ್ಲಿ ನಿಂತು, ನಾಳೆಯಿಂದ ಬರುವುದಿಲ್ಲ, ಚಿತ್ತಾಪುರದ ಬೇಳೆ ಮಿಲ್ಲಿನಲ್ಲಿ ಕೆಲಸ ಸಿಕ್ಕಿದೆ ಎಂದರು. ಮಿಲ್ಲಿನ ಸೇಠ ಬಾಯಿ ಬಿಟ್ಟರೆ ಬೈಯುವವನು ಎಂಬುದು ಸುತ್ತಲಿನವರಿಗೆಲ್ಲ ಗೊತ್ತಿದ್ದ ಸಂಗತಿ. ಮೇಡಂ ಅದನ್ನೇ ಹೇಳಿ ತಡೆಯಲು ನೋಡಿದರು.

"ಬೈಲಿ ಬಿಡ್ರಿ ಮೇಡಂ," ಅಂದರು ಅಕ್ಕೋರು. "ಬೈದರೂ ಹೆಸರ ಹಿಡದು ಬೈತಾನ."

ಭಾನುವಾರ ಮೇಡಂ ಪೇಟೆಯಲ್ಲಿ ಒಳ್ಳೆಯ ಶಾಲು ಕೊಂಡು ತೆಂಗಳಿಗೆ ಹೋದರು. ಅಕ್ಕೋರ ತಾಯಿ ಕೂರಿಸಿ ಚಹಾ ಕೊಟ್ಟರು. ಮೇಡಂ ತಾವೇ ಎದ್ದು ಶಾಲು ಹೊದಿಸಿದರು. ಅಕ್ಕೋರು ಬೇಡ ಅನ್ನಲಿಲ್ಲ. ಅದನ್ನು ತೆಗೆದು, ಮಡಚಿ, ತೊಡೆಯ ಮೇಲೆ ಇಟ್ಟುಕೊಂಡರು.

"ಮಂದಿ ಮುಂದ ಹೊಚ್ಚಿದ್ದರ ಬ್ಯಾರೆ ಇತ್ತರಿ. ಮನ್ಯಾಗ ಹೊಚ್ಚಿದ್ದು ಥಂಡಿಗಿ ಆಗ್ತದ, ಅಷ್ಟ."

"ತಪ್ಪಾತು ಬೇಟಾ. ವಾಪಸ ಬಾ."

"ತಪ್ಪು ಅಂತ ಇಲ್ಲಿ ಅಂದರ ಅಲ್ಲಿ ಯಾರಿಗಿ ಕೇಳಸ್ತದರಿ?"

ಮೇಡಂ ಎದ್ದು ಹೊರಟರು. ಬಸ್ಸಿನಲ್ಲಿ ಕಿಟಕಿಗೆ ತಲೆಯಾನಿಸಿ ಬಂದರಂತೆ.

ಆಮೇಲೆ ಎಲ್ಲವೂ ಬೇಗ ಸಡಿಲವಾಯಿತು. ಇನ್ನೊಬ್ಬ ಅತಿಥಿ ಶಿಕ್ಷಕ ಅಣವೀರ ಸರ್, ಆಕೆಯ ಗತಿಯೇ ಇದಾದರೆ ತನ್ನದೇನು ಎಂದು ಬರುವುದು ಬಿಟ್ಟರು. ಸಂಗಮೇಶ್ವರ ಸರ್ ಸೇಡಂ ಕಡೆಗೆ ವರ್ಗಾವಣೆ ಕೇಳಿದ್ದಾರೆ. ಚಾಪೆ ಹಾಸಿದರೂ ಯಾರೂ ಬರುವುದಿಲ್ಲ, ತಮ್ಮ ತಮ್ಮ ಕೋಣೆಯಲ್ಲೇ ಉಂಡು ಕೈ ತೊಳೆಯುತ್ತಾರೆ. ನಲಿಕಲಿ ಮಕ್ಕಳನ್ನು ಐದನೆಯ ತರಗತಿಯವರ ಹಿಂದೆ ಕೂರಿಸಿದ್ದಾರೆ. ಅವರಿಗೆ ಅಲ್ಲಿನ ಪಾಠ ತಿಳಿಯುವುದಿಲ್ಲ, ನಿದ್ದೆ ಹೋಗುತ್ತಾರೆ. ಊರಿನ ಅರ್ಧ ಮಕ್ಕಳು ಈಗ ಶಹಾಬಾದಿನ ಖಾಸಗಿ ಶಾಲೆಯ ಹಳದಿ ಬಸ್ಸು ಹತ್ತುತ್ತಾರೆ.

ಮೇಡಂ ಅಷ್ಟು ಹೇಳಿ ಅವ್ವನ ಮುಖ ನೋಡಿದರು. ನಿಮ್ಮ ಸಣ್ಣಾಕೆಯನ್ನಾದರೂ ಬಿಡಿಸಬೇಡಿ ಎಂದು ಕೇಳಲು ಬಂದಿದ್ದರು ಎಂಬುದು ನಮಗಾಗ ತಿಳಿಯಿತು. ಆದರೆ ಅವರ ಬಾಯಿಂದ ಆ ಮಾತು ಬರಲಿಲ್ಲ.

ಸೋಮವಾರ ನಾನು ಶಾಲೆಗೆ ಹೋಗಿ ತಂಗಿಯ ಟಿ.ಸಿ. ಕೇಳುತ್ತೇನೆ.