ಅಪ್ಪ ಹಾಕದ ಸಹಿ

ತೊಂಬತ್ತರ ದಶಕದಲ್ಲಿ ನಾನು ವಿನಿಮಯ ವೀಸಾದ ಮೇಲೆ ಅಮೆರಿಕದಲ್ಲಿ ಪಶುವೈದ್ಯಕೀಯ ತರಬೇತಿ ಮುಗಿಸಿ ನಮ್ಮೂರಾದ ಕಾಗವಾಡಕ್ಕೆ ಮರಳಿದ್ದೆ. ಎರಡು ವರ್ಷ ಸ್ವದೇಶದಲ್ಲಿ ಇದ್ದ ಮೇಲೆಯೇ ಅಲ್ಲಿ ಕೆಲಸಕ್ಕೆ ಸೇರಬಹುದೆಂಬ ಷರತ್ತು ಆ ವೀಸಾಕ್ಕಿತ್ತು. ಆರೇ ತಿಂಗಳಲ್ಲಿ ಅಲ್ಲಿಂದ ಕೆಲಸದ ಕರೆ ಬಂತು. ಷರತ್ತಿನಿಂದ ವಿನಾಯಿತಿ ಕೇಳಲು, ನಮ್ಮ ಸರ್ಕಾರದ ಅಭ್ಯಂತರವಿಲ್ಲ ಎಂಬ ಪತ್ರ ಬೇಕಿತ್ತು.

ಆ ಪತ್ರ ಕೊಡುವ ಸರ್ಕಾರಿ ಕಚೇರಿಯ ಗುಮಾಸ್ತ ನನ್ನ ಅರ್ಜಿ ನೋಡಿ, "ಲಗ್ನ ಆಗಿಲ್ಲಲ್ರಿ ಬಾಯಾರ? ನಿಮ್ಮ ಅಪ್ಪನ ಸಹಿ ತರ್ರಿ," ಎಂದ. ನನ್ನ ಜೊತೆ ತರಬೇತಿ ಪಡೆದು ಇದೇ ಪತ್ರಕ್ಕೆ ಅರ್ಜಿ ಹಾಕಿದ್ದ ಗಂಡಸಿಗೆ ಅವನು ಹಾಗೆ ಕೇಳಿರಲಿಲ್ಲ. ಮೈಯೆಲ್ಲ ಉರಿಯಿತು. ಆದರೂ ಪತ್ರ ಬೇಕಲ್ಲ, ಮರುದಿನ ಅಪ್ಪನನ್ನು ಕರೆದೊಯ್ದೆ.

ಅಪ್ಪ ಪೆನ್ನು ಮುಟ್ಟಲೇ ಇಲ್ಲ. "ಆಕಿಗಿ ಮೂವತ್ತ ವರ್ಷ ಆಗ್ಯಾವ. ಊರಾಗಿನ ಎಮ್ಮಿ ಆಕಿ ಕೈಯಾಗ ಈದಾವು. ನನ್ನ ಸಹಿ ಯಾಕ್ರಿ?"

"ಹಂಗಾದ್ರ ಆಗೂದಿಲ್ರಿ," ಎಂದು ಗುಮಾಸ್ತ ಅರ್ಜಿ ತಳ್ಳಿದ.

ಬಸ್ಸಿನಲ್ಲಿ ಅಪ್ಪನ ಮೇಲೂ ಹರಿಹಾಯ್ದೆ. "ನಾ ಒಮ್ಮಿ ಹಾಕಿದ್ರ, ನಾಳೆ ಎಲ್ಲಾರೂ ನಿನಗ ಅಪ್ಪನ ಸಹಿ ಕೇಳ್ತಾರವ್ವಾ," ಎಂದ ಅಪ್ಪ.

ಮೇಲಧಿಕಾರಿಗೆ ನಾನೇ ದೂರು ಬರೆದೆ. ಅಪ್ಪನ ಸಹಿಯಿಲ್ಲದೆಯೇ ಪತ್ರ ಬಂತು. ಅಷ್ಟರಲ್ಲಿ ಆ ಕೆಲಸಕ್ಕೆ ಬೇರೆಯವರು ಸೇರಿದ್ದರು. ಗುಮಾಸ್ತನ ಮೇಲಿನ ಸಿಟ್ಟು ನನಗೆ ಇಂದಿಗೂ ಇಳಿದಿಲ್ಲ.