ಮೂರು ತಿಂಗಳು ತುಂಬುವ ತನಕ

ನಿಟ್ಟುವಳ್ಳಿಯ ಮನೆಗೆ ಬಂದು ಇನ್ನೂ ಎರಡು ತಿಂಗಳಾಗಿರಲಿಲ್ಲ. ಒಂದು ಬೆಳಿಗ್ಗೆ ಹಿತ್ತಲಿನ ಬಟ್ಟೆ ಒಗೆಯುವ ಕಲ್ಲು ಹಿಡಿದುಕೊಂಡು ವಾಂತಿ ಮಾಡುತ್ತಿದ್ದೆ. ಮನೆಯ ಒಡತಿ ಹಸೀನಾಬಿ ಹಿಂದೆ ಬಂದು ನಿಂತು, "ಹೊಟ್ಟಿಲೆ ಅದೀರೇನ್ರಿ?" ಎಂದರು. ಹೊಟ್ಟೆಯಲ್ಲಿ ಏನಾದರೂ ಆಗುತ್ತಿದೆಯೇ ಎಂದು ಕೇಳುತ್ತಿದ್ದಾರೆ ಎಂದುಕೊಂಡು ನಾನು, "ಹೊಟ್ಟೆ ಸರಿ ಉಂಟು, ತಲೆ ಮಾತ್ರ ತಿರುಗ್ತದೆ" ಎಂದೆ. ಅವರು ನಕ್ಕುಬಿಟ್ಟರು. ಕೈಯಲ್ಲಿದ್ದ ತಂಬಿಗೆಯಿಂದ ನನ್ನ ಬಾಯಿ ತೊಳೆಸಿ, ಸೆರಗಿನಿಂದ ಮುಖ ಒರೆಸಿ, ತಮ್ಮ ಹೊಟ್ಟೆಯ ಮುಂದೆ ಎರಡೂ ಕೈಗಳಿಂದ ದೊಡ್ಡ ಕುಂಬಳಕಾಯಿಯಷ್ಟು ಗಾತ್ರ ತೋರಿಸಿದರು. ನಾನು ಬಸುರಿ ಎಂಬುದು ನನಗೆ ಗೊತ್ತಾದದ್ದು ಹಾಗೆ, ಅರ್ಥವಾಗದ ಕನ್ನಡದಲ್ಲಿ, ಆಗಿನ್ನೂ ಸರಿಯಾಗಿ ಪರಿಚಯವೂ ಇರದ ಹೆಂಗಸಿನ ಕೈಸನ್ನೆಯಿಂದ.

ನನ್ನ ಊರು ಹೊನ್ನಾವರದ ಹತ್ತಿರ, ಹೊಳೆ ಸಮುದ್ರ ಸೇರುವ ಕಡೆ. ಎಂಬತ್ತರ ದಶಕದ ಆರಂಭದ ಮಾತಿದು. ನನ್ನ ಗಂಡ ಗಣಪತಿಗೆ ಹರಿಹರದ ಕಾರ್ಖಾನೆಯೊಂದರಲ್ಲಿ ಲೇತ್ ಯಂತ್ರದ ಕೆಲಸ. ಹರಿಹರದಲ್ಲಿ ನಮಗೆ ಒಗ್ಗುವ ಬಾಡಿಗೆಗೆ ಮನೆ ಸಿಗಲಿಲ್ಲವೆಂದು ದಾವಣಗೆರೆಯ ಅಂಚಿನ ನಿಟ್ಟುವಳ್ಳಿಯಲ್ಲಿ ಒಂದು ಕೋಣೆ, ಒಂದು ಅಡುಗೆಮನೆ ಹಿಡಿದಿದ್ದರು. ಅವರು ಬೆಳಕು ಹರಿಯುವ ಮೊದಲೇ ಹೊರಟರೆ ತಿರುಗಿ ಬರುವಾಗ ದೀಪ ಹಚ್ಚುವ ಹೊತ್ತು. ನಡುವಿನ ಹಗಲೆಲ್ಲ ನಾನು, ನಾಲ್ಕು ಗೋಡೆ, ಮತ್ತು ಹಿಂದಿನ ಮಂಡಕ್ಕಿ ಭಟ್ಟಿ.

ನಾವು ಚುರುಮುರಿ ಎನ್ನುವುದನ್ನು ಇಲ್ಲಿ ಮಂಡಕ್ಕಿ ಎನ್ನುತ್ತಾರೆ. ಹಸೀನಾಬಿಯ ಮನೆಯವರದ್ದು ಅದೇ ಕಸುಬು. ಭತ್ತ ಬೇಯಿಸಿ ಒಣಗಿಸಿ ಮಾಡಿದ ಅಕ್ಕಿಯನ್ನು ಕಾದ ಮರಳಿನಲ್ಲಿ ಹುರಿಯುವ ಒಲೆಗೆ ಭಟ್ಟಿ ಎಂದು ಹೆಸರು. ಭತ್ತ ಬೇಯುವ ಆ ವಾಸನೆ ನನಗೆ ಹೊಸತಲ್ಲ. ಊರಿನಲ್ಲಿ ಅಮ್ಮ ಅಂಗಳದಲ್ಲಿ ದೊಡ್ಡ ಹಂಡೆ ಇಟ್ಟು ಕುಚ್ಚಲಕ್ಕಿಗೆಂದು ಭತ್ತ ಬೇಯಿಸುವಾಗ ನಾನು ಹಂಡೆಯ ಹತ್ತಿರವೇ ಕೂತಿರುತ್ತಿದ್ದೆ, ಆ ಹಬೆ ಮುಖಕ್ಕೆ ಬಡಿಯಲಿ ಎಂದು. ಇಲ್ಲಿ ಅದೇ ವಾಸನೆ ಗೋಡೆ ದಾಟಿ ಬಂದರೆ ಕರುಳು ಬಾಯಿಗೆ ಬರುತ್ತಿತ್ತು. ವಾಸನೆ ಬದಲಾಗಿರಲಿಲ್ಲ, ಮೈ ಬದಲಾಗಿತ್ತು.

ನಮ್ಮ ಕಡೆ ಓದುವವರಿಗೆ ಆ ದಿನಗಳನ್ನು ಹೇಗೆ ವಿವರಿಸಲಿ? ಬಾಯಲ್ಲಿ ಯಾವಾಗಲೂ ತಾಮ್ರದ ಕಾಸು ಇಟ್ಟುಕೊಂಡಂಥ ರುಚಿ. ಕುಪ್ಪಸದ ಗುಂಡಿ ಹಾಕಿಕೊಳ್ಳುವಾಗ ಎದೆ ನೋಯುತ್ತಿತ್ತು. ಪಾತ್ರೆ ತೊಳೆಯುತ್ತ ಕೂತಲ್ಲೇ ನಿದ್ದೆ. ಎದ್ದರೆ ತಲೆ ಸುತ್ತು. ಘಳಿಗೆಗೊಮ್ಮೆ ಹಿತ್ತಲಿನ ಕಡೆ ಹೋಗಬೇಕು, ಆ ಹಿತ್ತಲೋ ಮೂರು ಸಂಸಾರಗಳಿಗೆ ಒಂದೇ. ಬಾಗಿಲ ಮುಂದೆ ಯಾರಾದರೂ ತಂಬಿಗೆ ಹಿಡಿದು ನಿಂತಿದ್ದರೆ ನಾಚಿಕೆಯಿಂದ ಅಳು ಬರುತ್ತಿತ್ತು. ಅಳುವೂ ಹಾಗೆಯೇ, ಹೇಳದೆ ಕೇಳದೆ. ಇಲ್ಲಿನ ನೀರಿನಲ್ಲಿ ಸೊಪ್ಪು ಬೇಯಿಸಿದರೆ ಅದಕ್ಕೆ ಬೇರೆಯೇ ರುಚಿ. ಅದಕ್ಕೆ ಅತ್ತಿದ್ದೇನೆ. ಬೀದಿಯಲ್ಲಿ ಮೀನು ಮಾರುವವಳ ಕೂಗು ಕೇಳುವುದಿಲ್ಲವೆಂದು ಅತ್ತಿದ್ದೇನೆ. ಎಲ್ಲರೂ ಕೊಂಡಾಡುವ ಬೆಣ್ಣೆ ದೋಸೆಯನ್ನು ಗಂಡ ಎಲೆಯಲ್ಲಿ ಕಟ್ಟಿಸಿಕೊಂಡು ತಂದ ದಿನ, ಪೊಟ್ಟಣ ಬಿಚ್ಚುವ ಮೊದಲೇ ಹೊರಗೆ ಓಡಿದೆ. ಅವರು ಒಬ್ಬರೇ ಕೂತು ತಿಂದರು, ಸದ್ದಾಗದ ಹಾಗೆ.

ಊರಿನಲ್ಲಿ ನನಗೆ ಮಾತಿನ ಬರ ಇರಲಿಲ್ಲ. ಇಲ್ಲಿ ಕನ್ನಡವೇ ಆದರೂ ಅಂಗಡಿಯಲ್ಲಿ ನಾನು ಬಾಯಿ ತೆರೆದರೆ ಜನ ತಿರುಗಿ ನೋಡುತ್ತಿದ್ದರು. "ಮಂಗಳೂರವರೇನ್ರಿ?" ಎನ್ನುತ್ತಿದ್ದರು. ಅಲ್ಲ ಎಂದರೂ ಕೇಳುತ್ತಿರಲಿಲ್ಲ. ಅವರಿಗೆ ಸಮುದ್ರ ಇದ್ದಲ್ಲೆಲ್ಲ ಮಂಗಳೂರು. ಹಸೀನಾಬಿ ಮಾತ್ರ, "ನನ್ನ ಆಪಾ ಅನ್ರಿ. ನಮ್ಮಲ್ಲಿ ಅಕ್ಕಗ ಹಂಗಂತಾರೆ" ಎಂದರು. ಭಟ್ಟಿಯ ಹೊಗೆ ನನಗೆ ಆಗುವುದಿಲ್ಲವೆಂದು ತಿಳಿದ ಮೇಲೆ ನಮ್ಮ ಅಡುಗೆಮನೆಯ ಕಿಟಕಿಗೆ ಹಳೆಯ ಗೋಣಿತಟ್ಟು ನೆನೆಸಿ ಕಟ್ಟಿಕೊಟ್ಟರು. ಮಧ್ಯಾಹ್ನ ಬಂದು ಕೂತು ತೆಳ್ಳಗಿನ ಜೋಳದ ರೊಟ್ಟಿಯನ್ನು ಮಜ್ಜಿಗೆಯಲ್ಲಿ ನೆನೆಸಿ ಚಿಕ್ಕ ಮಕ್ಕಳಿಗೆ ಕೊಟ್ಟಂತೆ ಕೊಡುತ್ತಿದ್ದರು. ಅದು ಮಾತ್ರ ಹೊಟ್ಟೆಯಲ್ಲಿ ನಿಲ್ಲುತ್ತಿತ್ತು. ನಮ್ಮೂರ ಗಂಜಿಯನ್ನು ಹೊರಹಾಕಿದ ಹೊಟ್ಟೆ ರೊಟ್ಟಿಯನ್ನು ಇಟ್ಟುಕೊಂಡಿತು ಎಂದು ನನಗೆ ನನ್ನ ಮೇಲೆಯೇ ಬೇಸರ.

ಬಯಕೆ ಎಂದು ಹುಟ್ಟಿದ್ದು ಒಂದೇ, ಮುರುಗಲು ಹಣ್ಣಿನ ಸಿಪ್ಪೆಯ ಹುಳಿಸಾರು. ಅದು ಈ ಬಯಲುಸೀಮೆಯಲ್ಲಿ ಎಲ್ಲಿ ಸಿಗಬೇಕು? ನಮ್ಮ ಕಡೆಯಿಂದ ಒಣಮೀನು ಹೇರಿಕೊಂಡು ದಾವಣಗೆರೆ ಮಾರುಕಟ್ಟೆಗೆ ಬರುವ ಲಾರಿಯೊಂದಿತ್ತು. ಅದರ ಡ್ರೈವರ್ ಮಂಜುನಾಥ ನಮ್ಮೂರವನೇ. ಅವನ ಕೈಯಲ್ಲಿ ಸುದ್ದಿ ಕಳಿಸಿದೆವು. ಮುಂದಿನ ಸಲ ಬಂದಾಗ ಅವನು ಬಾಳೆನಾರಿನಲ್ಲಿ ಕಟ್ಟಿದ ಮುರುಗಲಿನ ಗಂಟು ಕೊಟ್ಟು, "ಅಮ್ಮ ಹೇಳ್ಯಾರೆ, ಮೂರು ತಿಂಗಳು ತುಂಬ್ಲಿ, ತಾನೇ ಬತ್ತೆ ಅಂತ. ಬಸ್ಸಲ್ಲಿ ವಾಂತಿ ಆದ್ರೂ ಸೈ, ಬರೂದೇ ಅಂದ್ರು" ಎಂದ. ಅಮ್ಮ ಜೀವಮಾನದಲ್ಲಿ ಘಟ್ಟ ಹತ್ತಿದವಳಲ್ಲ. ನಾನು ಆ ಗಂಟನ್ನು ಮೂಸುತ್ತ, ಅವಳಿಗೆ ಯಾವ ಮೂಲೆಯಲ್ಲಿ ಚಾಪೆ ಹಾಸುವುದು ಎಂದು ಯೋಚಿಸುತ್ತಿದ್ದೆ.

ಅದಾಗಿ ಕೆಲವು ದಿನಕ್ಕೆ ಸೀರೆಯಲ್ಲಿ ರಕ್ತದ ಕಲೆ ಕಂಡಿತು. ನಾನು ಯಾರಿಗೂ ಹೇಳದೆ ಸೀರೆ ನೆನೆಹಾಕಿ ಕೂತಿದ್ದೆ. ಬಕೆಟ್ಟಿನ ನೀರಿನ ಬಣ್ಣ ನೋಡಿ ಆಪಾ ಕೇಳಿದರು, ಹೇಳಿದೆ. ಅವರು ಬುರ್ಖಾ ಹಾಕಿಕೊಳ್ಳುತ್ತಲೇ ಟಾಂಗಾ ಕೂಗಿಸಿದರು. ಎಂ.ಸಿ.ಸಿ. ಬಡಾವಣೆಯಲ್ಲಿ ಒಬ್ಬ ಲೇಡಿ ಡಾಕ್ಟರು ಇದ್ದರು. ದಾರಿಯುದ್ದಕ್ಕೂ ಆಪಾ ಒಂದು ಕೈಯಿಂದ ನನ್ನ ಸೊಂಟ ಹಿಡಿದುಕೊಂಡು, ಟಾಂಗಾದವನಿಗೆ, "ಹಳ್ಳ ನೋಡಿ ಹೊಡಿಯಪ್ಪ, ಒಳಗ ಗಾಜು ಐತೆ ಅನ್ಕೋ" ಎನ್ನುತ್ತಿದ್ದರು.

ಡಾಕ್ಟರು ಪರೀಕ್ಷೆ ಮಾಡಿ ಕೈ ತೊಳೆದುಕೊಂಡು, "ಉಳೀಬಹುದು, ಉಳೀದೆನೂ ಇರಬಹುದು. ಮಲಗಿಕೊಂಡೇ ಇರಬೇಕಮ್ಮ. ಕೊಡ ಎತ್ತೋದು ಬ್ಯಾಡ, ಬಸ್ಸು ಹತ್ತೋದಂತೂ ಬ್ಯಾಡವೇ ಬ್ಯಾಡ. ಮನಸ್ಸಿಗೂ ಹಚ್ಚಿಕೊಳ್ಳಬ್ಯಾಡ. ಮೂರು ತಿಂಗಳು ತುಂಬೋ ತನಕ" ಎಂದರು.

ಹಾಗೆ ನಾನು ಚಾಪೆ ಹಿಡಿದೆ. ಅಂಗಾತ ಮಲಗಿ ಹಂಚು ನೋಡುವುದೇ ಕೆಲಸ. ಹೊಟ್ಟೆಯೊಳಗೆ ಏನೂ ಅಲುಗುವುದಿಲ್ಲ, ಇದೆಯೋ ಹೋಯಿತೋ ತಿಳಿಯುವುದಿಲ್ಲ. ವಾಂತಿ ಬಂದರೆ ಇದೆ ಎಂದು ಸಮಾಧಾನ, ಒಂದು ಹೊತ್ತು ಬರದಿದ್ದರೆ ಹೆದರಿಕೆ. ಅಷ್ಟು ದ್ವೇಷಿಸಿದ ಹೊಟ್ಟೆ ತೊಳಸುವಿಕೆಯನ್ನೇ ಕಾಯುತ್ತ ಮಲಗಿರುತ್ತಿದ್ದೆ.

ಒಂದು ದಿನ ಗಂಡ ಮಧ್ಯಾಹ್ನವೇ ಮನೆಗೆ ಬಂದರು. "ಹುಬ್ಬಳ್ಳಿಗೆ ಹೋಗಬೇಕು, ಅಲ್ಲೊಂದು ಮಷೀನು ಕೂರಿಸೂದಿದೆ, ಮೂರ್ನಾಲ್ಕು ದಿನ ಆಗ್ತದೆ" ಎಂದರು. ಬಟ್ಟೆ ಚೀಲಕ್ಕೆ ಹಾಕಿಕೊಂಡು ಹೊರಟವರು ಬಾಗಿಲಿನಿಂದ ಮತ್ತೆ ಒಳಗೆ ಬಂದು ನನ್ನ ಹಣೆ ಮುಟ್ಟಿ ಜ್ವರ ಇದೆಯೇ ನೋಡಿದರು. ಜ್ವರದ ಮಾತೇ ಇರಲಿಲ್ಲ. ಆಪಾ ಆ ಮೂರೂ ರಾತ್ರಿ ನನ್ನ ಪಕ್ಕದಲ್ಲೇ ಮಲಗಿದರು.

ಹೆತ್ತವರಿಗೆ ಏನಾದರೂ ಆದರೆ ಮಕ್ಕಳ ಕರುಳಿಗೆ ತಿಳಿಯುತ್ತದೆ ಎನ್ನುತ್ತಾರೆ. ನನಗೆ ಏನೂ ತಿಳಿಯಲಿಲ್ಲ. ಆ ಮೂರು ದಿನಗಳಲ್ಲೇ ರಕ್ತ ಕಾಣುವುದು ನಿಂತಿತು. ಎಷ್ಟೋ ದಿನಗಳ ಮೇಲೆ ಹಸಿವೆಯೆಂಬ ಹಸಿವೆ ಆಗಿ, ಆಪಾ ಕೊಟ್ಟ ರೊಟ್ಟಿ ತಿಂದು ಇನ್ನೊಂದು ಬೇಕು ಎಂದೆ. ಅವರು ಕೊಟ್ಟು, ಮುಖ ಆಚೆ ತಿರುಗಿಸಿಕೊಂಡರು. ಒಲೆಯ ಹೊಗೆ ಎಂದುಕೊಂಡೆ.

ಹುಬ್ಬಳ್ಳಿಯಿಂದ ಬಂದ ಗಂಡ ಮೊದಲಿಗಿಂತ ಮೆತ್ತಗಾಗಿದ್ದರು. ಮಂಜುನಾಥನ ಲಾರಿಯ ಸುದ್ದಿ ಕೇಳಿದರೆ, "ಆ ಲಾರಿ ಈಗ ಈ ಕಡೆ ಬರೂದಿಲ್ಲ" ಎನ್ನುತ್ತಿದ್ದರು. ಅಮ್ಮ ಬರುವ ಮಾತೆತ್ತಿದರೆ, "ಮಳೆ ಕಳೀಲಿ" ಎನ್ನುತ್ತಿದ್ದರು. ನನಗೆ ಸಿಟ್ಟು ಬಂದು ಅಳುತ್ತಿದ್ದೆ. "ಇಂಥ ಹೊತ್ತಲ್ಲಿ ಅಳು ಜಾಸ್ತಿ" ಎಂದು ಅವರೇ ಸಮಾಧಾನ ಹೇಳುತ್ತಿದ್ದರು.

ಮೂರು ತಿಂಗಳು ತುಂಬಿತು. ಮತ್ತೆ ಡಾಕ್ಟರ ಹತ್ತಿರ ಹೋದಾಗ ಅವರು ಹೊಟ್ಟೆಯ ಕೆಳಭಾಗ ಒತ್ತಿ ನೋಡಿ ಮೊದಲ ಸಲ ನಕ್ಕರು. "ಗಟ್ಟಿ ಕೂತೈತೆ. ಇನ್ನು ಹೆದರಿಕಿಲ್ಲ" ಎಂದರು. ಬಸ್ಸು ಹತ್ತಬಹುದೇ ಎಂದು ಕೇಳಿದೆ. ಮುಂದಿನ ಸೀಟಿನಲ್ಲಿ ಕೂತು ಹೋಗು ಎಂದರು. ಜೊತೆಗೆ ಬಂದ ಗಂಡ ಅಲ್ಲಿಂದಲೇ ಪಾಳಿಗೆಂದು ಹರಿಹರಕ್ಕೆ ಹೋದರು. ನಾನು ಆಟೋ ಹಿಡಿದು ಒಬ್ಬಳೇ ಮನೆಗೆ ಬಂದೆ. ಈ ಊರಿಗೆ ಬಂದ ಮೇಲೆ ಒಬ್ಬಳೇ ದಾರಿ ಹೇಳಿ ಮನೆ ಸೇರಿದ್ದು ಅದೇ ಮೊದಲು. ಆ ಖುಷಿಯೂ ಸೇರಿಕೊಂಡಿತ್ತು. ಸೀದಾ ಭಟ್ಟಿಯ ಕಡೆಗೇ ಹೋದೆ, ವಾಸನೆ ಏನೂ ಮಾಡಲಿಲ್ಲ.

"ಆಪಾ, ಊರಿಗೆ ಹೋಗ್ತೇನೆ. ಅಮ್ಮ ಬರೂದು ಬೇಡ, ನಾನೇ ಹೋಗಿ ಅವಳ ಮುಂದೆ ನಿಲ್ತೇನೆ. ನೋಡಿ ಏನಂತಾಳೋ!"

ಮಂಡಕ್ಕಿ ಜರಡಿ ಹಿಡಿಯುತ್ತಿದ್ದ ಆಪಾ ಜರಡಿ ಕೆಳಗಿಟ್ಟರು. ನನ್ನನ್ನು ಮನೆಯೊಳಗೆ ಕರೆದುಕೊಂಡು ಹೋಗಿ, "ಕೂಡು" ಎಂದರು. ಅಲ್ಲಿಯ ತನಕ ನನ್ನನ್ನು ಏಕವಚನದಲ್ಲಿ ಕರೆದವರಲ್ಲ.

"ನಿನ್ ಗಂಡಗ ಮಾತು ಕೊಟ್ಟೀನಿ, ಹೇಳಬಾರದು ಅಂತ. ಆದ್ರ ನೀನು ಹಿಂಗೆ ನಕ್ಕೋತ ಬಸ್ ಹತ್ತೋದು ನನ್ ಕೈಲಿ ನೋಡಾಕ ಆಗಲ್ಲ ಲಲಿತಾ. ನಿಮ್ಮಮ್ಮ ಇಲ್ಲ ಬೇಟಿ. ಎದೆನೋವು ಬಂತಂತೆ. ಅವತ್ತು ನಿನ್ ಗಂಡ ಹೋಗಿದ್ದು ಹುಬ್ಬಳ್ಳಿಗಲ್ಲ."

ನಾನು ಅಳಲಿಲ್ಲ. ಅಳಲಿಲ್ಲವೆಂದು ಆಪಾ ಹೆದರಿದರು. ಅವರು ನನ್ನ ಬೆನ್ನು ಸವರುತ್ತಿದ್ದರೆ ನಾನು ಕೇಳಿದ ಮೊದಲ ಮಾತು, "ಆ ದಿನವೇನಾ ನಾನು ಇನ್ನೊಂದು ರೊಟ್ಟಿ ಕೇಳಿದ್ದು?"

ಸಂಜೆ ಗಂಡ ಬಂದಾಗ ನಾನು ದೀಪ ಹಾಕಿರಲಿಲ್ಲ. ಅವರಿಗೆ ಅರ್ಥವಾಯಿತು. ಚಪ್ಪಲಿ ಬಿಡದೆ ಹೊಸ್ತಿಲಲ್ಲೇ ಕೂತರು.

"ತಂತಿ ಸುದ್ದಿ ಬಂದದ್ದು ಕಾರ್ಖಾನೆಗೇ. ನಾನು ಮೊದಲು ಡಾಕ್ಟರ ಹತ್ರ ಓಡ್ದೆ. ಕರ್ಕೊಂಡು ಹೋದ್ರೆ ಘಟ್ಟ ಇಳಿಯೂದ್ರೊಳಗೆ ಹೊಟ್ಟೇಲಿದ್ದದ್ದು ಹೋಗ್ತದೆ ಅಂದ್ರು. ಹೇಳಿದ್ರೆ ನೀನು ನಿಲ್ತಿದ್ದೆಯಾ? ನಡ್ಕೊಂಡಾದ್ರೂ ಹೋಗ್ತಿದ್ದೆ."

"ನನ್ನಮ್ಮನ ಮುಖ ನಾನು ನೋಡಬಾರದಾ?"

"ನೋಡ್ಬೇಕಿತ್ತು" ಎಂದರು. "ನಿನ್ನ ಪರವಾಗಿ ಬಾಯಿಗೆ ನೀರು ಬಿಟ್ಟೆ. ನಿನ್ನ ಹೆಸರು ಹೇಳಿ ಬಿಟ್ಟೆ" ಎಂದರು. ನಾನು ಎದ್ದು ಹೋಗಿ ಅವರನ್ನು ಹಿಡಿದುಕೊಳ್ಳಲಿಲ್ಲ. ಹೊಟ್ಟೆಯ ಮೇಲೆ ಇಟ್ಟುಕೊಂಡಿದ್ದ ಕೈಯನ್ನೂ ತೆಗೆದುಬಿಟ್ಟೆ. ಒಳಗೆ ಗಟ್ಟಿಯಾಗಿ ಕೂತಿರುವ ಜೀವದ ಮೇಲೆ ಆಗ ನನಗೆ ಪ್ರೀತಿ ಇರಲಿಲ್ಲ. ಇದನ್ನು ಉಳಿಸಲು ಅಮ್ಮನ ಸಾವನ್ನು ನನ್ನಿಂದ ಬಚ್ಚಿಟ್ಟರು, ಇಷ್ಟೇ ತಲೆಯಲ್ಲಿ ಸುತ್ತುತ್ತಿತ್ತು.

ನಾಲ್ಕನೆಯ ತಿಂಗಳಲ್ಲಿ ಊರಿಗೆ ಹೋದೆವು. ಘಟ್ಟದುದ್ದಕ್ಕೂ ಗಂಡ ಎರಡೂ ಕೈಗಳಿಂದ ನನ್ನ ಮುಂದಿನ ಕಂಬಿ ಹಿಡಿದು ಕೂತಿದ್ದರು, ಬಸ್ಸು ಕುಲುಕಿದರೆ ನನಗೆ ತಾಗದಿರಲಿ ಎಂದು. ಅಮ್ಮ ಮಲಗುತ್ತಿದ್ದ ಜಗಲಿಯ ಕೋಣೆಯಲ್ಲಿ ಅಣ್ಣ ತೆಂಗಿನಕಾಯಿ ರಾಶಿ ಹಾಕಿದ್ದ. ಅತ್ತಿಗೆ ಮೀನು ಸಾರು ಮಾಡಿ ಬಡಿಸಿದಳು. ಇಷ್ಟು ದಿನ ಕನಸಿನಲ್ಲಿ ಕಂಡ ಸಾರು. ನಾಲಿಗೆಗೆ ಖಾರವೆನಿಸಿ ನೀರು ಕುಡಿದೆ. ಅತ್ತಿಗೆ, "ನಿಮ್ಮ ಊರಲ್ಲಿ ಮೀನು ಸಿಕ್ಕೂದಿಲ್ಲ ಅಲ್ದಾ, ಮರ್ತೇ ಹೋಯ್ತು ನಿಂಗೆ" ಎಂದಳು. ಅವಳು ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದು. ನಿಮ್ಮ ಊರು ಎಂದರೆ ದಾವಣಗೆರೆ ಎಂದು ತಿಳಿಯಲು ನನಗೆ ತುಸು ಹೊತ್ತು ಹಿಡಿಯಿತು. ಊರ ಹೆಂಗಸರು ಬಂದು ಅಮ್ಮನ ಕಥೆ ಹೇಳಿ ತಾವೇ ಅತ್ತರು. ಅವರ ದುಃಖ ಹಳೆಯದಾಗಿತ್ತು, ಮುಗಿಯುತ್ತ ಬಂದಿತ್ತು. ನನ್ನದು ಇನ್ನೂ ಶುರುವಾಗಿರಲಿಲ್ಲ. ಅಮ್ಮನನ್ನು ಸುಟ್ಟ ಜಾಗಕ್ಕೆ ಬಸುರಿ ಹೋಗಬಾರದೆಂದು ಬಿಡಲಿಲ್ಲ. ದೂರದಿಂದ ಅಲ್ಲಿನ ಗಾಳಿಮರಗಳ ಸಾಲನ್ನಷ್ಟೇ ನೋಡಿದೆ.

ಮರಳುವಾಗ ಬಸ್ಸು ಮಲೆಬೆನ್ನೂರಿನಲ್ಲಿ ನಿಂತಿತು. ಗಂಡ ನೀರು ತರಲು ಇಳಿದರು. ಅಲ್ಲಿ ಹತ್ತಿದ ಹೆಂಗಸೊಬ್ಬಳು, ಗದ್ದೆ ಕೆಲಸದ ಕೆಸರು ಇನ್ನೂ ಕಾಲಲ್ಲೇ ಇದ್ದವಳು, ನನ್ನ ಪಕ್ಕ ಕೂತು ಕೇಳಿದಳು, "ಯಾವೂರ್ರಿ ತಂಗಿ ನಿಮ್ದು?"

"ದಾವಣಗೆರೆ" ಎಂದೆ.

ಯಾಕೆ ಹಾಗೆಂದೆನೋ. ಬಾಯಿಂದ ಅದೇ ಬಂತು. ಬಂದ ಮೇಲೆ, ಅಮ್ಮನ ಮನೆಯಲ್ಲಿ ಬಾರದ ಅಳು, ಹೊಸ್ತಿಲಲ್ಲಿ ಕೂತ ಗಂಡನ ಮುಂದೆ ಬಾರದ ಅಳು, ಆ ಬಸ್ಸಿನಲ್ಲಿ ಬಂತು. ಬಾಯಿಗೆ ಸೆರಗು ತುರುಕಿಕೊಂಡರೂ ನಿಲ್ಲಲಿಲ್ಲ. ಆ ಹೆಂಗಸು ಗಾಬರಿಯಾಗಿ ನನ್ನನ್ನು ಮೇಲಿನಿಂದ ಕೆಳಗೆ ನೋಡಿ, ಸೆರಗಿನ ಅಡಿಯ ಹೊಟ್ಟೆ ಗುರುತಿಸಿ, ಸಮಾಧಾನದಿಂದ ತಲೆಯಾಡಿಸಿದಳು.

"ಎಷ್ಟರಾಗ ಅದೀರಿ? ನಾಕು? ಐದು? ಅಳ್ರಿ, ಅಳ್ರಿ. ಚೊಚ್ಚಲ ಹೊಟ್ಟೆ ಹಂಗೇ. ತವರು ನೆನಪಾಕ್ಕೈತೆ" ಎಂದು ನನ್ನ ತಲೆಯನ್ನು ತನ್ನ ಹೆಗಲಿಗೆ ಎಳೆದುಕೊಂಡಳು. ಗಂಡ ನೀರು ತಂದು ಹತ್ತಿ ಹಿಂದಿನ ಸೀಟಿನಲ್ಲಿ ಕೂತರು, ಬಸ್ಸು ಹರಿಹರದ ದಾರಿ ಹಿಡಿಯಿತು. ನಾನು ಅವಳನ್ನು ತಿದ್ದಲಿಲ್ಲ.