ಪೆಟ್ಟಿಗೆಯಲ್ಲಿ ಬಂದ ಸಾಲ್ಮನ್

ಟೋಕಿಯೊ ಬಳಿಯ ಕಾಶಿವಾದ ಕಚೇರಿಯಲ್ಲಿ ಕೂತು ಕಡಲ ನೀರಿನ ಬಿಸಿ ಅಳೆಯುವವಳು ನಾನು. ಜಪಾನಿನ ಉತ್ತರದ ಹೊಕ್ಕೈಡೊ ದ್ವೀಪದ ಒಂದು ಊರಲ್ಲಿ ಸಭೆ ಇದ್ದಾಗಲೆಲ್ಲ ಕಚೇರಿಯವರು ನನ್ನನ್ನೇ ಅಟ್ಟುತ್ತಿದ್ದರು. ಅಲ್ಲಿನ ಮೂಲನಿವಾಸಿಗಳಾದ ಐನು ಜನ ತಮ್ಮ ಹಬ್ಬಕ್ಕೆಂದು ನದಿ ಕಡಲು ಸೇರುವಲ್ಲಿ ಸಾಲ್ಮನ್ ಮೀನು ಹಿಡಿಯಲು ಅನುಮತಿ ಕೇಳಿದ್ದರು. ಮೀನುಗಾರರ ಸಂಘವೂ ಸರ್ಕಾರದವರೂ ಅವರೊಡನೆ ಒಪ್ಪಂದ ಮಾಡಿಕೊಳ್ಳಬೇಕಿತ್ತು. ತಲೆಬಾಗುವುದು, ಚಹಾ ಕುಡಿಯುವುದು, ಮತ್ತೆ ತಲೆಬಾಗುವುದು. ನನಗಂತೂ ತಲೆ ಚಿಟ್ಟು ಹಿಡಿಯುತ್ತಿತ್ತು.

ಐನು ಕಡೆಯ ಅಜ್ಜಿಯೊಬ್ಬರು ಪ್ರತಿ ಸಭೆಗೂ ಮೊಳದುದ್ದದ ವಿಲೋ ಮರದ ಕೋಲು ತರುತ್ತಿದ್ದರು. ತೀರಿಹೋದ ಅವರ ಅಣ್ಣ ಕೆತ್ತಿದ್ದಂತೆ. ಅವರ ನಂಬಿಕೆಯಂತೆ ವರ್ಷದ ಮೊದಲ ಮೀನನ್ನು ಜೀವಂತ ಹಿಡಿದು, ಅದೇ ಕೋಲಿನಿಂದ ತಲೆಗೆ ಹೊಡೆಯಬೇಕು. ಆಗ ಮೀನಿನ ಜೀವ ಆ ಕೋಲನ್ನು ಉಡುಗೊರೆಯಾಗಿ ಬಾಯಲ್ಲಿ ಕಚ್ಚಿಕೊಂಡು ಸಂತೋಷದಿಂದ ತನ್ನವರ ಬಳಿ ಹೋಗುತ್ತದೆ. ಇಲ್ಲವಾದರೆ ಅಳುತ್ತ ಹೋಗುತ್ತದೆ.

"ಅನುಮತಿ ಸಿಗದೆ ಅಣ್ಣನ ಕೈಲಿ ಆಗ್ಲಿಲ್ಲಮ್ಮ. ನಾನಾದ್ರೂ ಒಂದನ್ನ ಸರಿಯಾಗಿ ಕಳಿಸಿ ಹೋಗ್ಬೇಕು," ಎಂದಿದ್ದರು ನನ್ನ ಬಳಿ.

ಕಡೆಯ ಸಭೆಯಲ್ಲಿ ನನ್ನ ಸರದಿ ಬಂತು. ಕಡಲು ಬಿಸಿಯಾಗುತ್ತಿದೆ, ಸಾಲ್ಮನ್ ಕಡಿಮೆಯಾಗಿದೆ ಎಂದು ಪರದೆಯ ಮೇಲೆ ಗ್ರಾಫಿನ ಗೆರೆಗಳನ್ನು ತೋರಿಸಿದೆ. ಅಷ್ಟೇ ಸಾಕಾಯಿತು. ನದಿಯಲ್ಲಿ ಯಾರೂ ಬಲೆ ಹಾಕುವುದು ಬೇಡ, ಹಬ್ಬಕ್ಕೆ ಬೇಕಾದ ಮೀನನ್ನು ಸಂಘವೇ ಪುಕ್ಕಟೆ ಕೊಡುತ್ತದೆ ಎಂದಾಯಿತು.

"ಜೀವಂತ ಇರತ್ತಾ?" ಅಜ್ಜಿ ಕೇಳಿದರು.

"ದೋಣೀಲೇ ಸಾಯತ್ತೆ ಅಜ್ಜಿ. ಆದ್ರೆ ತುಂಬಾ ಫ್ರೆಶ್ ಇರತ್ತೆ," ಎಂದರು ಸಂಘದ ಅಧ್ಯಕ್ಷರು.

ಬೇಡವೆಂದರೆ ಅದೂ ಇಲ್ಲ. ಅಜ್ಜಿ ಒಪ್ಪಿದರು. ಎಲ್ಲರೂ ಚಪ್ಪಾಳೆ ತಟ್ಟಿದರು. ಅವರು ಕೇಳಿದ್ದು ಮೀನನ್ನಲ್ಲ, ಹಿಡಿಯುವ ಹಕ್ಕನ್ನು ಎಂದು ಕೂಗಿಬಿಡುವಷ್ಟು ಸಿಟ್ಟು ಬಂದಿತ್ತು ನನಗೆ. ಆದರೆ ನನ್ನ ಗೆರೆಗಳೂ ಸುಳ್ಳಲ್ಲವಲ್ಲ.

ಹಬ್ಬದ ದಿನ ನದಿದಂಡೆಯಲ್ಲಿ ಚಳಿಗಾಳಿ. ಅಧ್ಯಕ್ಷರು ಸೂಟು ಹಾಕಿಕೊಂಡು, ಥರ್ಮೋಕೋಲ್ ಪೆಟ್ಟಿಗೆಯನ್ನು ತಾವೇ ಹೊತ್ತು ತಂದರು. ಒಳ್ಳೆಯ ಮನುಷ್ಯ, ಬೈಯಲೂ ಬಾಯಿ ಬರಲಿಲ್ಲ. ಅಜ್ಜಿ ಕಲ್ಲುಗಳ ಮೇಲೆ ಕೂತು ಮುಚ್ಚಳ ತೆಗೆದರು. ಮೀನಿನ ತಲೆಯ ಮೇಲಿದ್ದ ಐಸನ್ನು ಅಂಗಿಯ ತೋಳಿನಿಂದ ಒರೆಸಿದರು. ಕೋಲನ್ನು ಎತ್ತಿದರು, ಹೊಡೆಯದೆ ಇಳಿಸಿದರು.

"ಸುಮಿಮಾಸೆನ್," ಎಂದು ಮೀನಿನ ಕ್ಷಮೆ ಕೇಳಿದರು. ನನ್ನ ಕಣ್ಣು ತುಂಬಿತು.

ಕೋಲನ್ನಾದರೂ ಕೊಟ್ಟು ಕಳಿಸೋಣವೆಂದು ಅದರ ಬಾಯಿ ಬಿಡಿಸಲು ನೋಡಿದರು. ದವಡೆ ಐಸಿನಲ್ಲಿ ಸೆಟೆದುಹೋಗಿತ್ತು. ಅಧ್ಯಕ್ಷರೂ ಮಂಡಿಯೂರಿ ಕೈ ಹಾಕಿದರು. ಇಬ್ಬರಿಂದಲೂ ಆಗಲಿಲ್ಲ.